ಮುನ್ನೂರು ಮನೆಯ ಮುಯ್ಯಿ

ಮಾದೇವಮ್ಮ ಒಂದೇ ಮದುವೆಗೆ ಎರಡು ಸಲ ಬರುತ್ತಿದ್ದಳು. ಮೊದಲ ಸಲ ಬೆಳಕು ಹರಿಯುವ ಮುಂಚೆ, ಛತ್ರದ ಹಿಂಬಾಗಿಲಿನಿಂದ, ಕಂಕುಳಲ್ಲಿ ಈಳಿಗೆಮಣೆ ಇಟ್ಟುಕೊಂಡು. ಅಡುಗೆ ಕಂಟ್ರಾಕ್ಟರ್ ಶಿವಣ್ಣನ ತಂಡದಲ್ಲಿ ತರಕಾರಿ ಹೆಚ್ಚುವ, ಕಾಯಿ ತುರಿಯುವ, ಪಾತ್ರೆ ತಿಕ್ಕುವ ಹೆಂಗಸರಿಗೆಲ್ಲ ಅವಳೇ ಹಿರಿಯಳು. ಎರಡನೆಯ ಸಲ ಬರುತ್ತಿದ್ದದ್ದು ಧಾರೆಯ ಹೊತ್ತಿಗೆ. ಕೈಕಾಲು ತೊಳೆದು, ಚೀಲದಲ್ಲಿ ಮಡಿಸಿ ತಂದಿದ್ದ ನೀಲಿ ಸೀರೆ ಉಟ್ಟು, ಹಿಂದಿನಿಂದ ಆಚೆ ಹೋಗಿ, ಕಾಂಪೌಂಡನ್ನು ಒಂದು ಸುತ್ತು ಹಾಕಿ, ಮುಂಬಾಗಿಲಿನಿಂದ ನೆಂಟರ ಹಾಗೆ ಒಳಗೆ ಬರುವಳು. ಪನ್ನೀರು ಚಿಮುಕಿಸಿಕೊಂಡು, ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡು, ಅಕ್ಷತೆ ಎರಚಿ, ಮುಯ್ಯಿ ಬರೆದುಕೊಳ್ಳುವವರ ಮೇಜಿನ ಮುಂದೆ ನಿಂತು ತನ್ನ ಹೆಸರು ಬರೆಸುವಳು. ಆಮೇಲೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ, ಹಳೇ ಸೀರೆಗೆ ಬದಲಾಯಿಸಿ, ಸಾಂಬಾರಿನ ಹಂಡೆ ಉಜ್ಜಲು ಕೂರುವಳು. ಅಡುಗೆಮನೆಯಿಂದ ಮಂಟಪಕ್ಕೆ ನೇರವಾಗಿ ಬಾಗಿಲಿತ್ತು. ಅದನ್ನು ಅವಳು ಒಂದು ದಿನವೂ ದಾಟಿದ್ದನ್ನು ನಾನು ನೋಡಲಿಲ್ಲ.

ಯಾಕೆ ಇಷ್ಟು ಸುತ್ತು ಅಂತ ನಾನೊಮ್ಮೆ ಕೇಳಿದ್ದೆ. "ಹಿಂದ್ಲ ಬಾಗ್ಲಿಂದ ಬರೋಳು ಕೂಲಿಯೋಳು ಸಾ. ಅವ್ಳು ಮುಯ್ಯಿ ಆಕುದ್ರೆ ಯಾರ್ ಲೆಕ್ಕಕ್ಕ್ ಮಡಿಕತರೆ? ಮುಂದ್ಲ ಬಾಗ್ಲಿಂದ ಬರೋಳು ನೆಂಟಳು" ಅಂದಳು. ಗಂಡ ಸತ್ತವಳು ಧಾರೆಯ ಹೊತ್ತಿಗೆ ಎದುರಿಗೆ ಬರುತ್ತಾಳಲ್ಲ ಅಂತ ಗೊಣಗುವವರೂ ಇದ್ದರು. ಅದು ಅವಳ ಕಿವಿಗೆ ಬೀಳುತ್ತಿರಲಿಲ್ಲವೋ, ಬಿದ್ದರೂ ಅಲ್ಲೇ ಉಳಿಯುತ್ತಿತ್ತೋ, ನನಗೆ ಗೊತ್ತಿಲ್ಲ.

ಮುಯ್ಯಿ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ವಿಷಯ. ಈ ವರ್ಷ ನಿಮ್ಮ ಮನೆಯ ಮದುವೆಗೆ ನಾನು ಐನೂರು ಹಾಕಿದರೆ, ನಮ್ಮ ಮನೆಯಲ್ಲಿ ಕಾರ್ಯ ಆದಾಗ ನೀವು ಅದಕ್ಕೆ ಇಷ್ಟೋ ಅಷ್ಟೋ ಸೇರಿಸಿ ತರಬೇಕು. ತರದಿದ್ದರೆ ಯಾರೂ ಪೊಲೀಸಿಗೆ ಹೋಗುವುದಿಲ್ಲ, ಆದರೆ ಮಾತು ನಿಲ್ಲುತ್ತದೆ. ಮಾದೇವಮ್ಮನ ಗಂಡ ತಿ. ನರಸೀಪುರದ ಒಂದು ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದವನು, ಮಗಳು ಸವಿತಾ ಇನ್ನೂ ಅಂಗನವಾಡಿಯಲ್ಲಿದ್ದಾಗ ತೀರಿಕೊಂಡ. ಅಂದಿನಿಂದ ಈ ಹೆಂಗಸು ಛತ್ರದಲ್ಲಿ ದುಡಿದ ಕೂಲಿಯಲ್ಲಿ ಅರ್ಧವನ್ನು ಅದೇ ಛತ್ರದ ಮುಂದಿನ ಮೇಜಿಗೆ ಕೊಟ್ಟು ಬರುತ್ತಿದ್ದಳು. ಸಂಗಮದ ಹತ್ತಿರದ ಛತ್ರವಾಗಲಿ, ನಂಜನಗೂಡಿನದಾಗಲಿ, ತಗಡೂರು ಕಡೆ ಯಾರ ಮನೆ ಮುಂದಿನ ಚಪ್ಪರವಾಗಲಿ, ಇದರಲ್ಲಿ ಬದಲಾವಣೆ ಇರಲಿಲ್ಲ.

ನಾನು ಆಗ ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ರಸ್ತೆಯ ಒಂದು ಊರಿನಲ್ಲಿ ಬ್ಯಾಂಕಿನ ಮ್ಯಾನೇಜರ್. ನಿವೃತ್ತಿಗೆ ಹತ್ತಿರ ಬಂದಿದ್ದವನನ್ನು ಎಲ್ಲೂ ಎತ್ತಿ ಹಾಕದೆ ಅಲ್ಲೇ ಬಿಟ್ಟಿದ್ದರು. ನನಗಿದ್ದ ಕರ್ಮಗಳಲ್ಲಿ ಒಂದೆಂದರೆ ಹಳ್ಳಿಗಳಲ್ಲಿ ಆರ್ಥಿಕ ಸಾಕ್ಷರತಾ ಶಿಬಿರ ಮಾಡುವುದು. ಬ್ಯಾನರು ಕಟ್ಟಬೇಕು, ಚಿತ್ರದ ಹಾಳೆಗಳನ್ನು ಒಂದೊಂದಾಗಿ ಮಗುಚುತ್ತಾ ಉಳಿತಾಯ ಅಂದರೇನು, ವಿಮೆ ಅಂದರೇನು ಅಂತ ಹೇಳಬೇಕು, ಟೀ ಬಿಸ್ಕತ್ತು ಕೊಡಬೇಕು, ಫೋಟೋ ತೆಗೆದು ಮೇಲಿನವರಿಗೆ ಕಳಿಸಬೇಕು. ಫೋಟೋದಲ್ಲಿ ಬ್ಯಾನರು ನೆಟ್ಟಗೆ ಕಂಡರೆ ಶಿಬಿರ ಯಶಸ್ವಿ. ಕೂತವರಿಗೆ ಏನು ತಿಳಿಯಿತು ಅಂತ ನನ್ನನ್ನು ಯಾರೂ ಕೇಳಿದ್ದಿಲ್ಲ.

ಮಾದೇವಮ್ಮನ ಊರಿನ ಶಿಬಿರ ಹಾಲಿನ ಡೈರಿಯ ಜಗಲಿಯ ಮೇಲೆ ನಡೆಯಿತು. ತೂತು ಬಿದ್ದ ಮಡಕೆಯ ಚಿತ್ರ ತೋರಿಸಿ, ಮನೆಯ ಖರ್ಚಿನಲ್ಲಿ ಉಳಿಸಿ ಆರು ತಿಂಗಳಿಗಾಗುವಷ್ಟು ಹಣ ಬೇರೆ ಇಟ್ಟಿರಬೇಕು ಅಂತ ಹೇಳಿ, ಇಲ್ಲಿ ಯಾರು ಹಾಗೆ ಇಟ್ಟಿದ್ದೀರಿ ಅಂತ ಕೇಳಿದೆ. ಹಿಂದಿನಿಂದ ಒಬ್ಬಳು ಎದ್ದು ನಿಂತಳು. ಕಿವಿಯಲ್ಲಿ ಕೆಂಪು ಹರಳಿನ ಓಲೆ, ಕೈತುಂಬ ತರಕಾರಿಯ ಕರೆ.

"ನಾನ್ ಮಡಗಿವ್ನಿ ಸಾ."

"ಎಲ್ಲಿಟ್ಟಿದ್ದೀಯಮ್ಮ? ನಮ್ಮ ಬ್ಯಾಂಕಲ್ಲಾ?"

"ಮುನ್ನೂರ್ ಮನೇಲಿ ಮಡಗಿವ್ನಿ."

ಹೆಂಗಸರೆಲ್ಲ ನಕ್ಕರು. ಅವಳು ನಗಲಿಲ್ಲ. ನಾನು ಬ್ಯಾಂಕಿನವನ ಗತ್ತಿನಲ್ಲಿ, ಮುಯ್ಯಿಗೆ ಬಡ್ಡಿ ಇಲ್ಲ, ರಸೀತಿ ಇಲ್ಲ, ಭದ್ರತೆ ಇಲ್ಲ ಅಂತ ವಿವರಿಸಿದೆ. ಅದೇ ದುಡ್ಡನ್ನು ತಿಂಗಳು ತಿಂಗಳು ಬ್ಯಾಂಕಿಗೆ ಕಟ್ಟಿದ್ದರೆ ಮಗಳ ಮದುವೆಗೆ ಎಷ್ಟಾಗುತ್ತಿತ್ತು ಅಂತ ಹಾಳೆಯ ಹಿಂದೆ ಲೆಕ್ಕ ಬರೆದೂ ತೋರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ನಿಮ್ ಬ್ಯಾಂಕು ನನ್ ಮಗಳ್ ಮದ್ವೇಗೆ ಬತ್ತದಾ ಸಾ? ಬಂದು ಉಂಡು ಅಕ್ಷತೆ ಆಕಿ ಓಯ್ತದಾ?" ಅಂದಳು. ನಾನು ಬಿಡಲಿಲ್ಲ. ಎಲ್ಲರಿಗೂ ಒಟ್ಟಿಗೆ ತೊಂದರೆ ಬಂದರೆ ಆಗ ಯಾರು ತಂದು ಕೊಡುತ್ತಾರೆ ಅಂತ ಕೇಳಿದೆ. "ಎಲ್ರಿಗೂ ಒಂದೇ ದಪ ಬರೋ ತೊಂದ್ರೆ ಯಾವ್ದಾರ ಅದಾ ಸಾ? ಒಬ್ರಿಗ್ ಇಲ್ದಾಗ ಇನ್ನೊಬ್ರಿಗ್ ಇರ್ತದೆ" ಅಂತ ಹೇಳಿ ಕೂತಳು. ಆವತ್ತಿನ ಫೋಟೋದಲ್ಲಿ ಎಲ್ಲರೂ ಅವಳ ಕಡೆ ತಿರುಗಿ ಕೂತಿದ್ದಾರೆ, ಬ್ಯಾನರಿನ ಕಡೆ ಯಾರೂ ನೋಡುತ್ತಿಲ್ಲ.

ಅವಳ ಜೊತೆ ನನಗೂ ಲೆಕ್ಕ ಶುರುವಾದದ್ದು ನಂಜನಗೂಡಿನಲ್ಲಿ ನಾನು ಮನೆ ಕಟ್ಟಿ ಗೃಹಪ್ರವೇಶ ಮಾಡಿದಾಗ. ಅಡುಗೆಗೆ ಶಿವಣ್ಣನನ್ನೇ ಕರೆಸಿದ್ದೆ. ಮಧ್ಯಾಹ್ನ ನೀಲಿ ಸೀರೆಯ ಹೆಂಗಸೊಬ್ಬಳು ಗೇಟಿನಿಂದ ಒಳಗೆ ಬಂದು, ನನ್ನ ಹೆಂಡತಿಗೆ ಬಾಳೆಹಣ್ಣು ಕೊಟ್ಟು, ನನ್ನ ಕೈಗೆ ನೋಟು ಇಟ್ಟಳು. ಹಿತ್ತಲಲ್ಲಿ ಬದನೆಕಾಯಿ ಹೆಚ್ಚುತ್ತಿದ್ದವಳು ಇವಳೇ ಅಂತ ಹೊಳೆಯಲು ನನಗೆ ಒಂದು ಕ್ಷಣ ಬೇಕಾಯಿತು. ಇದೆಲ್ಲ ಬೇಡಮ್ಮ, ನೀನು ದುಡಿಯಲು ಬಂದವಳು ಅಂದುಬಿಟ್ಟೆ. ಅವಳ ಮುಖ ಸಣ್ಣಗಾಯಿತು.

"ಯಾಕ್ ಸಾ, ನನ್ ಮನೇಗೆ ನೀವ್ ಬರಕಿಲ್ವಾ?"

ನನ್ನ ಹೆಂಡತಿ ಪಕ್ಕದಿಂದ ನನ್ನ ಮೊಣಕೈ ತಿವಿದು, ಬರುತ್ತಾರಮ್ಮ, ಯಾಕೆ ಬರುವುದಿಲ್ಲ ಅಂತ ಹೇಳಿ ನೋಟು ತೆಗೆದುಕೊಂಡಳು. ಹಾಗೆ ಆ ಮುನ್ನೂರು ಮನೆಗಳಿಗೆ ನಮ್ಮದೂ ಒಂದು ಸೇರಿತು. ಸಂಜೆ ಶಿವಣ್ಣನ ಲೆಕ್ಕ ಚುಕ್ತಾ ಮಾಡುವಾಗ ಅವಳ ಕೂಲಿಗೆ ಒಂದಿಷ್ಟು ಹೆಚ್ಚಿಗೆ ಸೇರಿಸಿ ಕೊಡಲು ಹೇಳಿದೆ. ಅವಳು ಹೆಚ್ಚಿಗೆ ಇದ್ದದ್ದನ್ನು ಅವನ ಕೈಯಲ್ಲೇ ವಾಪಸು ಕಳಿಸಿದಳು.

ಸವಿತಾಳ ಮದುವೆ ಗೊತ್ತಾದದ್ದು ರೋಗ ಬಂದ ವರ್ಷ. ಹುಡುಗ ಚಾಮರಾಜನಗರದ ಕಡೆಯವನು, ಗ್ಯಾರೇಜಿನಲ್ಲಿ ಕೆಲಸ. ಮುಹೂರ್ತ ಬೇಸಿಗೆಯಲ್ಲಿ. ಚಳಿ ಇನ್ನೂ ಬಿಟ್ಟಿರಲಿಲ್ಲ, ಮಾದೇವಮ್ಮ ಬ್ಯಾಂಕಿಗೆ ಬಂದು ಕಿವಿಯ ಓಲೆ ಬಿಚ್ಚಿ, ತವರಿನಿಂದ ಬಂದಿದ್ದ ಎರಡೆಳೆ ಸರವನ್ನೂ ತೆಗೆದು ಮೇಜಿನ ಮೇಲಿಟ್ಟಳು. ಛತ್ರದ ಅಡ್ವಾನ್ಸು, ಮಗಳಿಗೆ ಒಂದು ಸರ, ಪಾತ್ರೆಪಗಡ, ಎಲ್ಲಕ್ಕೂ ಒಡವೆ ಸಾಲ. ತೀರಿಸುವುದು ಹೇಗೆ ಅಂತ ಕೇಳುವುದು ನನ್ನ ಕೆಲಸ, ಕೇಳಿದೆ.

"ಮದ್ವೆ ಆದ್ ಮಾರ್ನೇ ದಿನ ಬತ್ತೀನಿ ಸಾ. ಮುಯ್ಯಿ ದುಡ್ಡು ತಂದು ಬುಡುಸ್ಕೊಂಡ್ ಓಯ್ತೀನಿ. ಬೀಗ್ರೂಟಕ್ಕೆ ಓಲೆ ಇಲ್ದೆ ಓಗದಾ?"

ಯಾರಾರು ಬರುತ್ತಾರೆ, ಯಾರು ಎಷ್ಟು ತರುತ್ತಾರೆ ಎಂಬುದೆಲ್ಲ ಅವಳ ನಾಲಗೆಯ ತುದಿಯಲ್ಲಿತ್ತು. ಅಲ್ಲೇ ನಿಂತು ಅರ್ಧ ಊರಿನದು ಒಪ್ಪಿಸಿದಳು. ಒಂದೆರಡು ಮನೆಯವರು ಮರೆತಾರು ಅಂತ ಅದನ್ನೂ ಕಳೆದು ಹೇಳಿದಳು. ಲೆಕ್ಕ ಸರಿಯಾಗಿಯೇ ಇತ್ತು. ನಾನು ಸಾಲ ಕೊಟ್ಟೆ.

ಆಮೇಲೆ ಆದದ್ದು ಎಲ್ಲರಿಗೂ ಗೊತ್ತು. ನಂಜನಗೂಡಿನ ಹೆಸರು ಟಿ.ವಿ.ಯಲ್ಲಿ ದಿನಾ ಬರಲು ಶುರುವಾಯಿತು. ನಮ್ಮ ಊರಿನವರು ಅಂದರೆ ಮೈಸೂರಿನಲ್ಲಿ ತರಕಾರಿ ಗಾಡಿಯವನೂ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಚಾಮರಾಜನಗರದ ಕಡೆ ಇನ್ನೂ ರೋಗ ಕಾಲಿಟ್ಟಿರಲಿಲ್ಲ, ಅವರು ಗಡಿಯಲ್ಲಿ ಚೆಕ್‌ಪೋಸ್ಟು ಹಾಕಿ ಕೂತರು. ಹುಡುಗನ ಕಡೆಯವರಿಗೆ ಮದುವೆ ಮುಂದಕ್ಕೆ ಹಾಕುವ ಯೋಚನೆ ಇತ್ತು. ಒಮ್ಮೆ ಮುಂದಕ್ಕೆ ಹೋದದ್ದು ಹಾಗೇ ತಪ್ಪಿಹೋದರೆ ಅಂತ ಮಾದೇವಮ್ಮನಿಗೆ ಹೆದರಿಕೆ. ಕೊನೆಗೆ ಪಾಸು ತೆಗೆದುಕೊಂಡು ಹುಡುಗನೂ ಅವನ ಅಪ್ಪ ಅಮ್ಮನೂ ಒಂದು ಕಾರಿನಲ್ಲಿ ಬಂದರು. ಊರ ಮುಂದಿನ ಗುಡಿಯಲ್ಲಿ ಬಾಯಿಗೆ ಬಟ್ಟೆ ಕಟ್ಟಿಕೊಂಡು ಧಾರೆ ಎರೆದದ್ದಾಯಿತು. ಚಿತ್ರಾನ್ನ ಮಾಡಿದ್ದು ಶಿವಣ್ಣ, ಮನೆಯ ಒಲೆಯ ಮೇಲೆ. ಛತ್ರದವರು ಅಡ್ವಾನ್ಸು ವಾಪಸು ಕೊಡಲಿಲ್ಲ.

ನೆಂಟರಿಲ್ಲ, ಮೇಜಿಲ್ಲ, ಮುಯ್ಯಿಯೂ ಇಲ್ಲ. ಎಲ್ಲರೂ ಫೋನು ಮಾಡಿ, ಎಲ್ಲ ಸರಿಹೋಗಲಿ, ಬೀಗರೂಟ ಜೋರಾಗಿ ಮಾಡುವಿಯಂತೆ ಅಂದರು. ಮಾತಿನಲ್ಲಿ ಮೋಸವಿರಲಿಲ್ಲ. ಆದರೆ ಆ ಮುನ್ನೂರು ಮನೆಗಳಲ್ಲೂ ಆಗ ಅದೇ ಪಾಡು. ಗಾರೆಯವನಿಗೆ ಕೆಲಸವಿಲ್ಲ, ಬಸ್ಸಿನವನಿಗೆ ಬಸ್ಸಿಲ್ಲ, ದೇವಸ್ಥಾನದ ಮುಂದೆ ಹೂ ಮಾರುವವಳಿಗೆ ಭಕ್ತರಿಲ್ಲ. ಮದುವೆಗಳೇ ನಿಂತ ಮೇಲೆ ಶಿವಣ್ಣನ ತಂಡಕ್ಕೂ ಕೆಲಸವಿಲ್ಲ. ಕೂಡಿಟ್ಟದ್ದೂ ಕೂಲಿಯೂ ಒಂದೇ ಕಡೆಯಿಂದ ಬರುತ್ತಿತ್ತು, ಎರಡೂ ಒಂದೇ ವಾರದಲ್ಲಿ ನಿಂತವು. ಡೈರಿಯ ಜಗಲಿಯ ಮೇಲೆ ನಾನು ಹೇಳಿದ್ದು ನಿಜವಾಯಿತು ಅಂತ ನನಗೆ ಒಂದಿಷ್ಟೂ ಸಮಾಧಾನವಾಗಲಿಲ್ಲ. ಆರು ತಿಂಗಳ ಖರ್ಚು ಬೇರೆ ಇಟ್ಟಿರಬೇಕು ಅಂತ ಊರೂರು ಸುತ್ತಿ ಹೇಳಿದ್ದ ನನ್ನ ಹತ್ತಿರ, ಮನೆ ಕಟ್ಟಿದ ಮೇಲೆ, ಒಂದು ತಿಂಗಳಿನದೂ ಇರಲಿಲ್ಲ. ಸಂಬಳ ಬರುತ್ತಿತ್ತು ಎಂಬುದಷ್ಟೇ ನನಗೂ ಅವಳಿಗೂ ಇದ್ದ ವ್ಯತ್ಯಾಸ.

ಬ್ಯಾಂಕಿನಲ್ಲಿ ಆ ದಿನಗಳು ಹೇಗೆ ಕಳೆದವೋ. ಬಾಗಿಲಿಗೆ ಹಗ್ಗ ಕಟ್ಟಿ, ಐದೈದು ಜನರನ್ನು ಒಳಗೆ ಬಿಟ್ಟು, ಸರ್ಕಾರ ಹೆಂಗಸರ ಖಾತೆಗೆ ಹಾಕಿದ ಐನೂರು ರೂಪಾಯಿ ಎಣಿಸಿ ಎಣಿಸಿ ಕೈ ಸೋತಿತ್ತು. ತೆಗೆಯದಿದ್ದರೆ ಸರ್ಕಾರ ವಾಪಸು ತೆಗೆದುಕೊಂಡುಬಿಡುತ್ತದಂತೆ ಅಂತ ಯಾರೋ ಹಬ್ಬಿಸಿ, ಬಿಸಿಲಿನಲ್ಲಿ ರಸ್ತೆಯವರೆಗೆ ಸಾಲು. ಆ ಸಾಲಿನಲ್ಲಿ ಮಾದೇವಮ್ಮನೂ ಇರುತ್ತಿದ್ದಳು. ಕಿವಿಯ ತೂತಿಗೆ ತೆಂಗಿನಕಡ್ಡಿ ಚೂರು ಸಿಕ್ಕಿಸಿಕೊಂಡಿದ್ದಳು. ತನ್ನ ಐನೂರು ತೆಗೆದುಕೊಂಡು ಅದರಲ್ಲೇ ನೂರನ್ನು ಒಡವೆಯ ಬಡ್ಡಿಗೆ ಕಟ್ಟಿ ಹೋಗುತ್ತಿದ್ದಳು. ನಾನು ಬೇಡ, ಮನೆಗೆ ಅಕ್ಕಿಬೇಳೆ ನೋಡಿಕೋ ಅಂದರೆ, "ರೇಸನ್ ಅಕ್ಕಿ ಅದೆ ಬುಡಿ ಸಾ" ಅನ್ನುವಳು.

ವರ್ಷ ತುಂಬುತ್ತಾ ಬಂದಿತು. ಮಧ್ಯೆ ಒಂದಿಷ್ಟು ಮದುವೆ ನಡೆದವು, ಅವಳು ಹೋಗಿ ದುಡಿದಳು. ಅಲ್ಲೂ ಕಾಂಪೌಂಡು ಸುತ್ತಿ ಬಂದು ಮುಯ್ಯಿ ಹಾಕಿದಳು ಅಂತ ಶಿವಣ್ಣನಿಂದ ಕೇಳಿ ನನಗೆ ಸಿಟ್ಟೇ ಬಂತು. ಅವಳ ಒಡವೆಗೆ ಬಡ್ಡಿ ಸೇರಿ, ಹರಾಜಿಗೆ ಹೋಗುವ ಸಾಲಗಳ ಪಟ್ಟಿಗೆ ಅವಳ ಹೆಸರು ಬರುವ ಕಾಲ ಹತ್ತಿರವಾಗಿತ್ತು. ಕರೆಸಿ ಕೂರಿಸಿ ಬೈದೆ.

"ನೋಡು ಮಾದೇವಮ್ಮ, ನಿನ್ನ ಓಲೆ ಹರಾಜಿಗೆ ಹೋಗುತ್ತೆ. ಇಷ್ಟು ವರ್ಷ ಹಾಕಿದ್ದೀಯ, ಅವರೆಲ್ಲ ನಿನಗೆ ಕೊಡಬೇಕಾದವರು. ಹೋಗಿ ಕೇಳು. ಇಪ್ಪತ್ತು ಮನೆಗೆ ಹೋದರೂ ಸಾಕು."

ಅವಳು ನಾನು ಏನೋ ಅಸಹ್ಯವಾದದ್ದನ್ನು ಅಂದ ಹಾಗೆ ನನ್ನನ್ನು ನೋಡಿದಳು.

"ಮುಯ್ಯಿ ಕೇಳದುಂಟಾ ಸಾ? ಕೇಳಿದ್ ದಿನ ಅದು ಸಾಲ ಆಯ್ತದೆ. ಅಷ್ಟ್ ವರ್ಸ ನಾನು ಅವ್ರ್ ಮನೇಗೆಲ್ಲ ಸಾಲ ಕೊಡಕ್ ಓಗಿದ್ನಾ?"

"ಮತ್ತೇನು ಮಾಡ್ತೀಯ?"

"ಸವಿತಾ ಬಸ್ರಿ ಆಗವ್ಳೆ. ಕೂಸು ಉಟ್ಲಿ, ತೊಟ್ಲು ಶಾಸ್ತ್ರ ಮಾಡ್ತೀನಿ. ಎಲ್ರುನೂವೆ ಕರೀತೀನಿ. ಬಂದೇ ಬತ್ತರೆ. ಅಲ್ಲಿಗಂಟ ಒಸಿ ಸುಧಾರುಸ್ಕಳಿ ಸಾ."

ಕೇಳದೆ ಮುಯ್ಯಿ ಬರಬೇಕಾದರೆ ಮನೆಯಲ್ಲಿ ಒಂದು ಕಾರ್ಯ ಆಗಬೇಕು. ಕಾರ್ಯ ಆಗಬೇಕಾದರೆ ನಾಲ್ಕು ಜನ ಸೇರಬೇಕು. ಅದೊಂದಕ್ಕಾಗಿ ಅವಳು ಕಾಯುತ್ತಿದ್ದಳು. ನಾನು ನನ್ನ ಕೈಲಾದಷ್ಟು ದಿನ ಹರಾಜಿನ ಪಟ್ಟಿಯನ್ನು ಮುಂದೂಡುತ್ತಾ ಬಂದೆ. ಸವಿತಾಳಿಗೆ ಗಂಡು ಮಗುವಾಯಿತು. ತೊಟ್ಟಿಲು ಶಾಸ್ತ್ರಕ್ಕೆ ದಿನ ನೋಡಿಸಿದ್ದೂ ಆಯಿತು. ಆ ಹೊತ್ತಿಗೆ ಸರಿಯಾಗಿ ಎರಡನೆಯ ಸಲದ ರೋಗ ಬಂತು, ಮತ್ತೆ ಎಲ್ಲ ಬಾಗಿಲು ಮುಚ್ಚಿತು.

ಈ ಸಲ ಊರುಗಳೊಳಕ್ಕೇ ಬಂತು. ದಿನಾ ಬೆಳಗ್ಗೆ ಯಾರ ಸುದ್ದಿಯೋ ಎನ್ನುವ ಹೆದರಿಕೆಯಲ್ಲೇ ಶಟರು ಎತ್ತುತ್ತಿದ್ದೆವು. ಮಾದೇವಮ್ಮನಿಗೆ ಜ್ವರ ಬಂದು, ಉಸಿರು ಹತ್ತಿ, ನಂಜನಗೂಡಿನ ಆಸ್ಪತ್ರೆಗೆ ಸೇರಿಸಿದ್ದಾರೆ ಅಂತ ತಿಳಿಯಿತು. ಅವಳ ಮನೆಯ ಬೀದಿಗೆ ಗಳ ಕಟ್ಟಿ ಟೇಪು ಸುತ್ತಿದ್ದರು. ಸವಿತಾ ಗಂಡನ ಮನೆಯಲ್ಲಿ, ಹಸಿಗೂಸು ಬಿಟ್ಟು ಬರುವ ಹಾಗಿಲ್ಲ. ಅದೇ ವಾರ ಹರಾಜಿನ ಪಟ್ಟಿಯೂ ಬಂತು, ಅದರಲ್ಲಿ ಅವಳ ಹೆಸರಿತ್ತು. ನಾನು ಅದನ್ನು ಮೇಜಿನ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತಿದ್ದೆ. ಏನಾದರೂ ಮಾಡಬೇಕು ಅನ್ನಿಸುವಷ್ಟು ಶಕ್ತಿಯೂ ನನ್ನಲ್ಲಿ ಉಳಿದಿರಲಿಲ್ಲ.

ಹಗ್ಗದ ಆಚೆಯಿಂದ ಒಬ್ಬ ಹೆಂಗಸು ಕರೆದಳು. ಮಾದೇವಮ್ಮನ ಜೊತೆ ಪಾತ್ರೆ ತಿಕ್ಕುವ ಪುಟ್ಟಬಸಮ್ಮ. ಸೆರಗಿನಿಂದ ಮೂಗುಬಾಯಿ ಮುಚ್ಚಿಕೊಂಡಿದ್ದಳು.

"ಸಾ, ಮಾದೇವಕ್ಕನ ಒಡವೆ ಸಾಲಕ್ಕೆ ಇದ್ನ ಕಟ್ಕಳಿ."

"ಅವಳು ಹೇಳಿದಳಾ?"

"ಅವ್ಳೆಲ್ಲಿ ಏಳಾಳು, ಬಾಯಿಗೆ ಗಾಳಿ ಮಡಗವ್ರೆ. ನನ್ ಮಗನ್ ಮದ್ವೇಲಿ ಅವ್ಳು ಮುಯ್ಯಿ ಮಡಗಿದ್ಲು. ಅವ್ಳ ಮನೇಲ್ ಕಾರ್ಯ ಆಗ್ಲಿ ಅಂತ ಕಾಯ್ತಿದ್ದೆ. ಇನ್ ಯಾವ್ ಕಾರ್ಯ ಕಾಯದು ಸಾ. ಮನೇಗ್ ಓಗಂಗಿಲ್ಲ, ಆಸ್ಪತ್ರೇಗ್ ಓಗಂಗಿಲ್ಲ. ನಿಮ್ಮಲ್ಲೇ ಕೊಡ್ತೀನಿ."

ಆರುನೂರು ರೂಪಾಯಿ. ಚಲನ್ ಬರೆದು, ಕಟ್ಟಿದವಳು ಪುಟ್ಟಬಸಮ್ಮ ಅಂತ ಹೆಸರು ಹಾಕಿ ಕಟ್ಟಿಸಿಕೊಂಡೆ. ಅಷ್ಟು ದಿನದಲ್ಲಿ ನಾನು ಒಂದು ಕೆಲಸ ಮಾಡಿದೆ ಅನ್ನಿಸಿದ್ದು ಅದೊಂದೇ. ಮರುದಿನ ಪುಟ್ಟಬಸಮ್ಮ ಹೇಳಿದಳು ಅಂತ ಹೂ ಮಾರುವವಳು ಬಂದಳು. ಆಮೇಲೆ ಒಬ್ಬ ಗಾರೆಯವನು. ಸುತ್ತೂರು ಕಡೆಯಿಂದ ಮೊ‍ಪೆಡ್ಡಿನಲ್ಲಿ ಒಬ್ಬ ಮುದುಕ, ತನ್ನ ಮೊಮ್ಮಗಳ ಮದುವೆಗೆ ಆಯಮ್ಮ ಬಂದಿದ್ದಳು ಅಂತ. ಯಾರೂ ಹೆಚ್ಚು ಮಾತಾಡಲಿಲ್ಲ. ಹೆಸರು ಹೇಳುವುದು, ದುಡ್ಡು ಇಡುವುದು, ಹೋಗುವುದು. ಮುನ್ನೂರು ಮನೆಯವರೂ ಬಂದರು ಅಂತ ಬರೆಯಲು ನನಗೂ ಆಸೆ. ಬಂದದ್ದು ಅದರಲ್ಲಿ ಹತ್ತರಲ್ಲಿ ಒಂದು ಪಾಲು ಇರಬಹುದು. ಉಳಿದವರ ಹತ್ತಿರ ಇರಲಿಲ್ಲ, ಕೆಲವರಿಗೆ ನೆನಪಿರಲಿಲ್ಲ, ಇಬ್ಬರು ಮೂವರು ಸತ್ತೇ ಹೋಗಿದ್ದರು. ನಾನೂ ನಮ್ಮ ಮನೆಯದನ್ನು ಬರೆಸಿದೆ. ಕೊನೆಗೆ ಶಿವಣ್ಣ ಬಂದು ಎರಡು ಸಾವಿರ ಕಟ್ಟಿದ. ಒಲೆ ಹೊತ್ತಿಸಿ ತಿಂಗಳುಗಟ್ಟಲೆ ಆಗಿದ್ದ ಮನುಷ್ಯ, ಎಲ್ಲಿಂದ ತಂದನೋ. ಬಡ್ಡಿ ಪೂರ್ತಿ ಹೋಗಿ ಅಸಲಿನಲ್ಲೂ ಒಂದಿಷ್ಟು ಇಳಿಯಿತು. ಪಟ್ಟಿಯಿಂದ ಅವಳ ಹೆಸರು ತೆಗೆಸಿದೆ.

ಮಾದೇವಮ್ಮ ಆಸ್ಪತ್ರೆಯಿಂದ ಬದುಕಿ ಬಂದಳು. ಮಳೆ ಹಿಡಿದ ಮೇಲೆ ಒಂದು ದಿನ ಬ್ಯಾಂಕಿಗೆ ಬಂದಾಗ ನನಗೆ ಗುರುತು ಸಿಗಲಿಲ್ಲ. ನೀಲಿ ಸೀರೆ ಮೈಮೇಲೆ ನಿಲ್ಲುತ್ತಿರಲಿಲ್ಲ. ನಾಲ್ಕು ಮೆಟ್ಟಿಲು ಹತ್ತಿ ಬಂದು, ಮಾತಾಡುವ ಮುಂಚೆ ಬೆಂಚಿನ ಮೇಲೆ ಕೂತು ಬಹಳ ಹೊತ್ತು ಉಸಿರಾಡಿದಳು. ನಾನು ಸಂತೋಷದಿಂದ ಓಲೆ ಹರಾಜಿಗೆ ಹೋಗಲಿಲ್ಲ, ಉಳಿದುಕೊಂಡಿದೆ ಅಂದೆ. ಅವಳು ಅದಕ್ಕೆ ಬಂದಿರಲಿಲ್ಲ.

"ಯಾರ್ಯಾರು ಎಷ್ಟೆಷ್ಟ್ ಕಟ್ಟವ್ರೆ ಏಳಿ ಸಾ."

"ಅದೆಲ್ಲ ಈಗ ಯಾಕೆ? ಸುಧಾರಿಸಿಕೋ ಮೊದಲು."

"ನಾನು ಎದ್ರುಗೆ ಇರ್ನಿಲ್ಲ. ಯಾರು ಏನ್ ಮಡಗುದ್ರೂಂತ ಗೊತ್ತಿಲ್ದೆ ನಾಳೀಕೆ ಎಂಗ್ ತೀರ್ಸ್ಲಿ? ಏಳಿ."

ನಾನು ಕಂಪ್ಯೂಟರು ನೋಡಿ ಒಂದೊಂದೇ ಹೇಳುತ್ತಾ ಹೋದೆ. ಅವಳು ಪ್ರತಿಯೊಂದನ್ನೂ ತುಟಿಯಲ್ಲೇ ಒಮ್ಮೆ ಅಂದುಕೊಂಡು, ಹೂಂ, ಮುಂದಕ್ಕೆ ಅನ್ನುತ್ತಿದ್ದಳು. ಪುಟ್ಟಬಸಮ್ಮನದು ನೂರು ಜಾಸ್ತಿ ಇದೆ, ಹೂವಿನವಳದು ಸರಿಯಾಯಿತು, ಗಾರೆಯವನು ಐವತ್ತು ಕಡಿಮೆ ಹಾಕಿದ್ದಾನೆ, ಪಾಪ ಇರಲಿ. ನನ್ನ ಹೆಸರು ಬಂದಾಗ ತಲೆ ಎತ್ತಿ ನೋಡಿದಳು.

"ನೀವು ಇನ್ನೂರು ಜಾಸ್ತಿ ಮಡಗಿದ್ದೀರಿ. ನಿಮ್ ಮನೇಲಿ ಇನ್ ಯಾವ್ದಾರ ಮದ್ವೆ ಅದಾ?"

"ಇಲ್ಲಮ್ಮ, ಎಲ್ಲ ಮುಗಿದವು."

"ಅಂಗಾರೆ ನಾನ್ ಎಂಗ್ ತೀರ್ಸದು? ಇಂಗ್ ಮಾಡ್ಬಾರ್ದು ಸಾ" ಅಂತ ಬೇಸರ ಮಾಡಿಕೊಂಡಳು. ಆ ಬೇಸರ ಕಂಡು ನನಗೆ ನಗು ಬಂತು, ಬಹಳ ದಿನದ ಮೇಲೆ.

ಶಿವಣ್ಣನ ಹೆಸರು ಹೇಳಿದಾಗ ಅವಳು ಹೂಂ ಅನ್ನಲಿಲ್ಲ. ಇನ್ನೊಂದು ಸಲ ಹೇಳಿಸಿದಳು. ಅವನ ಮನೆಯಲ್ಲಿ ಇದುವರೆಗೆ ಯಾವ ಕಾರ್ಯವೂ ಆಗಿರಲಿಲ್ಲ, ಹಾಗಾಗಿ ಇವಳು ಅವನಿಗೆ ಏನೂ ಹಾಕಿರಲಿಲ್ಲ. ಉಳಿದವರೆಲ್ಲ ಹಿಂದಿರುಗಿಸಿದವರು, ಅವನೊಬ್ಬ ಹೊಸದಾಗಿ ಹಾಕಿದವನು.

"ಅವನ್ ಮಗ್ಳು ಕಾಲೇಜ್ ಓಯ್ತಾವ್ಳೆ. ಅವ್ಳ ಮದ್ವೆಗಂಟ ನಾನ್ ಇರ್ಬೇಕು ಸಾ" ಅಂದಳು. "ಈಗ ಸಾಯಂಗಿಲ್ಲ ನಾನು."

ಬಾಗಿಲವರೆಗೆ ಜೊತೆಗೆ ಹೋದೆ. ಇನ್ನಾದರೂ ತಿಂಗಳಿಗೆ ನೂರು ರೂಪಾಯಿಯಂತೆ ಒಂದು ಖಾತೆ ಮಾಡು ಅಂತ ಹೇಳಬೇಕೆಂದುಕೊಂಡಿದ್ದೆ. ಮೆಟ್ಟಿಲಿನ ಮೇಲೆ ಗೋಡೆ ಹಿಡಿದುಕೊಂಡು ನಿಂತವಳನ್ನು ನೋಡಿ ಅದನ್ನು ಬಿಟ್ಟೆ. ಆಟೋ ಕರೆದು ಕೂರಿಸಿದೆ. ಅದೇ ಕೊನೆ. ಅವಳ ಶ್ವಾಸಕೋಶ ಮತ್ತೆ ಸರಿಹೋಗಲಿಲ್ಲ. ಛತ್ರದ ಕೆಲಸಕ್ಕೆ ಹೋಗಲಾಗದೆ, ಮಗಳ ಮನೆಯಲ್ಲೇ ಒಂದು ಚಳಿಗಾಲ ಕಳೆದು, ಮುಂದಿನ ಬೇಸಿಗೆ ನೋಡದೆ ಹೋದಳು. ನನಗೆ ವಿಷಯ ತಿಳಿದದ್ದು ಮಣ್ಣು ಮಾಡಿ ಎಷ್ಟೋ ದಿನವಾದ ಮೇಲೆ, ಪುಟ್ಟಬಸಮ್ಮ ಪಿಂಚಣಿಗೆ ಬಂದಾಗ. ಎಷ್ಟೋ ಜನರ ಸಾವನ್ನು ಆ ಎರಡು ವರ್ಷದಲ್ಲಿ ಹೂಂ ಅಂತ ಕೇಳಿ ಅವರ ಖಾತೆ ಮುಚ್ಚುವ ಕಾಗದಕ್ಕೆ ಸಹಿ ಹಾಕಿದ್ದವನಿಗೆ ಇವಳದನ್ನು ಹಾಗೆ ಕೇಳಲಾಗಲಿಲ್ಲ.

ಒಡವೆ ಬ್ಯಾಂಕಿನಲ್ಲೇ ಇತ್ತು. ಸವಿತಾ ಸಾಲವನ್ನು ತನ್ನ ಹೆಸರಿಗೆ ಮಾಡಿಸಿಕೊಂಡು, ಗಂಡನ ಊರಿನಿಂದ ಬಸ್ಸಿನಲ್ಲಿ ಬಂದು ಬಡ್ಡಿ ಕಟ್ಟಿ ಹೋಗುತ್ತಿದ್ದಳು. ಒಂದೊಂದು ತಿಂಗಳು ತಪ್ಪುತ್ತಿತ್ತು. ನನ್ನ ನಿವೃತ್ತಿಯ ವರ್ಷ ಒಂದು ದಿನ ಬಂದು, ಕೌಂಟರಿಗೆ ಹೋಗದೆ ನೇರವಾಗಿ ನನ್ನ ಮೇಜಿಗೇ ಬಂದಳು. ಕೈಯಲ್ಲಿ ಲಗ್ನಪತ್ರಿಕೆ.

"ಶಿವಣ್ಣನ್ ಮಗಳ್ ಮದ್ವೆ ಸಾ, ನಾಳಿದ್ದು, ನರಸೀಪುರದಲ್ಲಿ. ಅವ್ವ ಅವ್ರಿಗೆ ಕೊಡದು ಅದೆ ಅಂತಿದ್ಲು. ಎಷ್ಟೂಂತ ಬ್ಯಾಂಕಿನ್ ಸಾರ್ಗೆ ಗೊತ್ತದೆ, ಅವ್ರ್ನೇ ಕೇಳು ಅಂದಿದ್ಲು."

ಅವಳ ಚೀಲದಲ್ಲಿ ಮಡಿಸಿದ ನೋಟುಗಳಿದ್ದದ್ದು ಕಾಣುತ್ತಿತ್ತು. ಎರಡು ತಿಂಗಳ ಬಡ್ಡಿ ಬಾಕಿಯಿದ್ದದ್ದು ನನಗೆ ಗೊತ್ತಿತ್ತು. ಜೀವಮಾನವೆಲ್ಲ ಹೇಳಿಕೊಂಡು ಬಂದದ್ದನ್ನೇ ಆಗಲೂ ಹೇಳಿದೆ.

"ಸವಿತಾ, ಆ ದುಡ್ಡನ್ನು ಮೊದಲು ನಿಮ್ಮ ಅಮ್ಮನ ಓಲೆಗೆ ಕಟ್ಟು. ಅವಳೇ ಹೋದ ಮೇಲೆ ಶಿವಣ್ಣ ನಿನ್ನಿಂದ ಬರಲಿ ಅಂತ ಕಾಯುತ್ತಾ ಕೂತಿಲ್ಲ."

"ಅವ್ವ ಓಗವ್ಳೆ ಸಾ. ಮುಯ್ಯಿ ಓಗಿಲ್ವಲ್ಲ."

ನಾನು ಎರಡು ಸಾವಿರ ಅಂದೆ. ಅವಳು ಎಣಿಸಿ, ಅದಕ್ಕೊಂದು ನೂರು ಸೇರಿಸಿ, ಪತ್ರಿಕೆಯೊಳಗೆ ಮಡಿಸಿಟ್ಟುಕೊಂಡು ಹೋದಳು. ಆ ತಿಂಗಳೂ ಬಡ್ಡಿ ಬರಲಿಲ್ಲ. ನಾನು ಕೇಳಲೂ ಇಲ್ಲ.